ವರದಿಗಾರ ಮರಳಿದ ಮೇಲೂ ಅಲ್ಲೇ ಉಳಿಯುವವರು

ಯುದ್ಧ, ದಂಗೆ, ಕ್ಷಾಮ ಅಥವಾ ಭೂಕಂಪದಿಂದಾಗಿ ಒಂದು ದೇಶ ಜಗತ್ತಿನ ಕಣ್ಣಿಗೆ ಬಿದ್ದಾಗ ಅಲ್ಲಿಗೆ ಧಾವಿಸುವ ವಿದೇಶಿ ವರದಿಗಾರರಲ್ಲಿ ಹಲವರಿಗೆ ಆ ನೆಲದ ಭಾಷೆ ತಿಳಿದಿರುವುದಿಲ್ಲ, ದಾರಿಗಳ ಪರಿಚಯವಿರುವುದಿಲ್ಲ, ಯಾವ ಕಚೇರಿಯಲ್ಲಿ ಯಾರನ್ನು ಕಂಡರೆ ಕೆಲಸವಾಗುತ್ತದೆ ಎಂಬುದೂ ಗೊತ್ತಿರುವುದಿಲ್ಲ. ಆದರೂ ಬಂದಿಳಿದ ಎರಡು ಮೂರು ದಿನಗಳಲ್ಲೇ ಅವರ ವರದಿಗಳಲ್ಲಿ ಹಳ್ಳಿಯ ರೈತ, ಆಸ್ಪತ್ರೆಯ ದಾದಿ, ಬಂಡುಕೋರ ಪಡೆಯ ನಾಯಕ, ಸರ್ಕಾರದ ಮಂತ್ರಿ ಎಲ್ಲರೂ ಮಾತನಾಡಿರುತ್ತಾರೆ. ಇದನ್ನು ಸಾಧ್ಯಗೊಳಿಸುವವರು ಅದೇ ದೇಶದಲ್ಲಿ ಹುಟ್ಟಿ ಬೆಳೆದು, ದಿನಕ್ಕಿಷ್ಟು ಎಂಬ ಸಂಭಾವನೆಗೆ ಗೊತ್ತಾದ ಸ್ಥಳೀಯ ಸಹಾಯಕರು. ಪತ್ರಿಕಾವಲಯ ಇವರನ್ನು ಫಿಕ್ಸರ್ ಎಂದು ಕರೆಯುತ್ತದೆ. ಇವರು ದುಭಾಷಿಗಳೂ ಹೌದು, ದಾರಿ ತೋರಿಸುವವರೂ ಹೌದು, ಸಂದರ್ಶನಗಳನ್ನು ಗೊತ್ತುಪಡಿಸುವವರೂ ಹೌದು. ಎಷ್ಟೋ ಬಾರಿ ಸುದ್ದಿ ಯಾವುದು ಎಂಬುದನ್ನು ಮೊದಲು ಗುರುತಿಸುವವರೂ ಇವರೇ ಆಗಿರುತ್ತಾರೆ. ಇಷ್ಟಾದರೂ ಸುದ್ದಿಯ ತಲೆಯ ಮೇಲೆ ಅಚ್ಚಾಗುವ ವರದಿಗಾರನ ಹೆಸರಿನ ಸಾಲಿನಲ್ಲಿ, ಎಂದರೆ ಬೈಲೈನಿನಲ್ಲಿ, ಇವರಿಗೆ ಸ್ಥಾನ ಸಿಗುವುದು ಅಪರೂಪ.

ವಿದೇಶಿ ಪತ್ರಕರ್ತ ಸ್ಥಳೀಯ ಸಹಾಯಕನನ್ನು ನೇಮಿಸಿಕೊಳ್ಳುವುದನ್ನು ಕಾರು ಬಾಡಿಗೆಗೆ ಪಡೆಯುವಂಥ, ಹೋಟೆಲ್ ಕೋಣೆ ಕಾಯ್ದಿರಿಸುವಂಥ ಪ್ರಯಾಣದ ಏರ್ಪಾಡುಗಳಲ್ಲಿ ಒಂದೆಂದು ಭಾವಿಸುವ ರೂಢಿ ಸುದ್ದಿಮನೆಗಳಲ್ಲಿ ಬಹುಕಾಲ ನಡೆದುಬಂದಿದೆ. ಈ ಭಾವನೆ ತಪ್ಪು ಮಾತ್ರವಲ್ಲ, ಅಪಾಯಕಾರಿಯೂ ಹೌದು. ವರದಿಗಾರನ ಬಳಿ ಹಿಂದಿರುಗುವ ವಿಮಾನದ ಟಿಕೆಟ್ಟು, ಪ್ರಬಲ ದೇಶವೊಂದರ ಪಾಸ್‌ಪೋರ್ಟು, ಅವನಿಗಾಗಿ ದನಿಯೆತ್ತುವ ರಾಯಭಾರ ಕಚೇರಿ ಮತ್ತು ಸಂಸ್ಥೆಯ ವಕೀಲರು ಇರುತ್ತಾರೆ. ಸಹಾಯಕನ ಮನೆ, ತಂದೆತಾಯಿ, ಮಕ್ಕಳು, ಮುಂದಿನ ಹೊಟ್ಟೆಪಾಡು ಎಲ್ಲವೂ ಇರುವುದು ಆ ವರದಿಯಿಂದ ಕೆರಳುವವರ ಕೈಗೆಟಕುವ ದೂರದಲ್ಲೇ. ಆದ್ದರಿಂದ ಈ ನೇಮಕದಲ್ಲಿ ಹಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಂತೆ ಅಪಾಯವೂ ಹೋಗುತ್ತದೆ. ಸಂಭಾವನೆ, ಒಪ್ಪಂದ, ವಿಮೆ, ಹೆಸರು ಅಚ್ಚಾಗಬೇಕೆ ಬೇಡವೆ ಎಂಬ ತೀರ್ಮಾನ ಎಲ್ಲವನ್ನೂ ಈ ಸಂಗತಿಯಿಂದ ಹೊರಟೇ ನಿರ್ಧರಿಸಬೇಕಾಗುತ್ತದೆ.

ಕೆಲಸದ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪತ್ರಕರ್ತ ವಿಮಾನವೇರುವ ಮೊದಲೇ ಸಹಾಯಕನ ದುಡಿಮೆ ಆರಂಭವಾಗಿರುತ್ತದೆ: ಪತ್ರಕರ್ತರ ವೀಸಾಕ್ಕೆ ಬೇಕಾದ ಕಾಗದಪತ್ರಗಳ ವಿಚಾರಣೆ, ಚಿತ್ರೀಕರಣದ ಅನುಮತಿ, ನಿರ್ಬಂಧಿತ ಪ್ರದೇಶಗಳಿಗೆ ಪ್ರವೇಶಪತ್ರ, ನಂಬಿಕಸ್ಥ ಚಾಲಕನ ಹುಡುಕಾಟ, ಮಾತನಾಡಲು ಒಪ್ಪುವ ಜನರ ಪತ್ತೆ. ಅನಂತರದ್ದು ದಾರಿಯ ಕೆಲಸ. ಮುಂದಿನ ತಪಾಸಣಾ ಠಾಣೆಯಲ್ಲಿ ಯಾವ ಪಡೆಯವರಿದ್ದಾರೆ, ಅವರೊಡನೆ ಯಾವ ಭಾಷೆಯಲ್ಲಿ, ಯಾವ ದನಿಯಲ್ಲಿ ಮಾತನಾಡಬೇಕು, ಕ್ಯಾಮೆರಾ ಎಲ್ಲಿ ಇಳಿಸಬೇಕು, ಯಾವ ಊರಿನಲ್ಲಿ ಸೂರ್ಯ ಮುಳುಗುವ ಮುನ್ನ ಹೊರಟುಬಿಡಬೇಕು ಎಂಬುದನ್ನೆಲ್ಲ ಬಲ್ಲವನು ಅವನೊಬ್ಬನೇ. ಅನುವಾದವೂ ಪದಕ್ಕೆ ಪದ ಕೊಡುವ ಕೆಲಸವಲ್ಲ. ಮಗನನ್ನು ಕಳೆದುಕೊಂಡ ತಾಯಿಯನ್ನು ವಿದೇಶಿ ವರದಿಗಾರ ನೇರವಾಗಿ ಕೇಳುವ ಪ್ರಶ್ನೆ ಆ ಸಮಾಜದಲ್ಲಿ ಅಗೌರವವೆನಿಸಬಹುದು. ಅದನ್ನು ಸಾವಿನ ಮನೆಗೆ ಸಲ್ಲುವ ಮಾತಾಗಿ ಮಾರ್ಪಡಿಸಿ ಕೇಳುವ, ಬಂದ ಉತ್ತರದಲ್ಲಿ ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ವರದಿಗಾರನಿಗೆ ತಿಳಿಸುವ ಹೊಣೆ ಸಹಾಯಕನದು. ಇದು ಪತ್ರಕರ್ತನ ವಿವೇಕವನ್ನೇ ಬೇಡುವ ಕೆಲಸ, ಮತ್ತು ಇದನ್ನು ಮಾಡುವವರಲ್ಲಿ ಅನೇಕರು ತಮ್ಮ ದೇಶದ ಪತ್ರಿಕೆಗಳಲ್ಲಿ ಮೊದಲೇ ವರದಿಗಾರರಾಗಿ ದುಡಿದವರು.

ಈ ಪದ್ಧತಿ ಹೊಸದಲ್ಲ; ಆದರೆ ಅದರ ಮೇಲಿನ ಅವಲಂಬನೆ ಕಳೆದ ಕೆಲವು ದಶಕಗಳಲ್ಲಿ ಬಹಳ ಹೆಚ್ಚಿದೆ. ದೊಡ್ಡ ಪತ್ರಿಕೆಗಳೂ ಟೆಲಿವಿಷನ್ ಸಂಸ್ಥೆಗಳೂ ವೆಚ್ಚ ತಗ್ಗಿಸಲು ಪರದೇಶಗಳಲ್ಲಿನ ತಮ್ಮ ಕಾಯಂ ಕಚೇರಿಗಳನ್ನು ಒಂದೊಂದಾಗಿ ಮುಚ್ಚಿದಂತೆ, ವರ್ಷಗಟ್ಟಲೆ ಒಂದೇ ದೇಶದಲ್ಲಿದ್ದು ಅಲ್ಲಿನ ಭಾಷೆ ಕಲಿತ ವರದಿಗಾರರ ಸಂಖ್ಯೆ ಕುಗ್ಗಿತು. ಘಟನೆ ನಡೆದಾಗ ಹಾರಿಬಂದು ಕೆಲವು ದಿನ ವರದಿ ಮಾಡಿ ಮುಂದಿನ ದೇಶಕ್ಕೆ ಹೋಗುವ, ಪ್ಯಾರಾಚೂಟ್ ಪತ್ರಿಕೋದ್ಯಮ ಎಂದು ಕರೆಯಲಾಗುವ ಕ್ರಮ ಬೆಳೆಯಿತು. ಜೊತೆಗೆ ಯಾವ ಸಂಸ್ಥೆಯ ಸಂಬಳಕ್ಕೂ ಸೇರದೆ ಬಿಡಿ ವರದಿಗಳನ್ನು ಮಾರಿ ಬದುಕುವ ಸ್ವತಂತ್ರ ಪತ್ರಕರ್ತರು ಯುದ್ಧಭೂಮಿಗಳಲ್ಲಿ ಹೆಚ್ಚಾದರು. ಇವರಿಗೇ ಸರಿಯಾದ ವಿಮೆ ಇಲ್ಲದಿರುವಾಗ ಇವರು ನೇಮಿಸಿಕೊಂಡ ಸಹಾಯಕನಿಗೆ ಯಾವ ರಕ್ಷಣೆ ಇದ್ದೀತು? ಇರಾಕಿನಲ್ಲಿ 2004ರಿಂದಾಚೆಗೆ ವಿದೇಶಿಯರ ಅಪಹರಣಗಳು ಹೆಚ್ಚಿದಾಗ ಬಾಗ್ದಾದಿನ ವಿದೇಶಿ ವರದಿಗಾರರಲ್ಲಿ ಬಹಳಷ್ಟು ಜನ ಕಾವಲಿನ ಹೋಟೆಲುಗಳಿಂದ ಹೊರಬರುವುದೇ ಕಷ್ಟವಾಯಿತು. ಬಾಂಬು ಸಿಡಿದ ಬೀದಿಗೆ, ಶವಾಗಾರಕ್ಕೆ, ಮಸೀದಿಗೆ ಹೋಗಿ ಕಂಡದ್ದನ್ನು ಟಿಪ್ಪಣಿ ಮಾಡಿ ತರುವ ಕೆಲಸ ಇರಾಕಿ ಸಿಬ್ಬಂದಿಯ ಪಾಲಿಗೆ ಬಂತು. ಅವರಲ್ಲಿ ಎಷ್ಟೋ ಜನ ತಾವು ಎಲ್ಲಿ ಕೆಲಸ ಮಾಡುತ್ತೇವೆಂಬುದನ್ನು ನೆರೆಹೊರೆಯವರಿಂದಲೂ ಬಂಧುಗಳಿಂದಲೂ ಮುಚ್ಚಿಟ್ಟು ಬದುಕಿದರು. ಅಮೆರಿಕದ ಸ್ವತಂತ್ರ ಪತ್ರಕರ್ತೆ ಜಿಲ್ ಕ್ಯಾರಲ್ 2006ರ ಜನವರಿ 7ರಂದು ಬಾಗ್ದಾದಿನಲ್ಲಿ ಅಪಹರಣಕ್ಕೊಳಗಾದ ಸಂಗತಿ ಜಗತ್ತಿಗೆಲ್ಲ ತಿಳಿದಿತ್ತು, ಮಾರ್ಚ್ 30ರಂದು ಬಿಡುಗಡೆಯಾದದ್ದೂ ತಿಳಿಯಿತು. ಆದರೆ ಅಪಹರಣಕಾರರು ಆ ದಿನವೇ ಕೊಂದ ಆಕೆಯ ದುಭಾಷಿ ಅಲನ್ ಎನ್ವಿಯಾನ ಹೆಸರು ಬಲ್ಲವರು ಕಡಿಮೆ.

ವರದಿಗಾರ ಮತ್ತು ಸಹಾಯಕನ ಸಂಬಂಧ ಎಷ್ಟು ಆಳವಾಗಬಹುದು ಮತ್ತು ಅದರೊಳಗಿನ ಅಸಮಾನತೆ ಎಷ್ಟು ಕಠೋರವಾಗಿರಬಹುದು ಎಂಬುದಕ್ಕೆ ಕಾಂಬೋಡಿಯದ ಡಿತ್ ಪ್ರಾನ್ ಬದುಕಿಗಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಿಡ್ನಿ ಶಾನ್‌ಬರ್ಗ್ ಅವರಿಗೆ ದುಭಾಷಿಯಾಗಿ, ಛಾಯಾಚಿತ್ರಕಾರರಾಗಿ, ಸಹವರದಿಗಾರರಾಗಿ ದುಡಿದ ಪ್ರಾನ್, 1975ರ ಏಪ್ರಿಲ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿ ತೆರವಾದಾಗ ಹೆಂಡತಿ ಮಕ್ಕಳನ್ನು ಕಳುಹಿಸಿ ತಾವು ಮಾತ್ರ ಶಾನ್‌ಬರ್ಗ್ ಜೊತೆ ರಾಜಧಾನಿ ನಾಮ್ ಪೆನ್‌ನಲ್ಲೇ ಉಳಿದರು. ಏಪ್ರಿಲ್ 17ರಂದು ಕಮ್ಯುನಿಸ್ಟ್ ಬಂಡುಕೋರರಾದ ಖ್ಮೇರ್ ರೂಜ್ ಪಡೆಗಳು ನಗರವನ್ನು ಹೊಕ್ಕು ಶಾನ್‌ಬರ್ಗ್ ಮತ್ತು ಇತರ ಪತ್ರಕರ್ತರನ್ನು ಹಿಡಿದಾಗ, ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಪ್ರಾನ್ ಅವರೊಂದಿಗೆ ವಾಹನವೇರಿ, ಸೈನಿಕರೊಡನೆ ಬಹಳ ಹೊತ್ತು ಅಂಗಲಾಚಿ ಅವರ ಪ್ರಾಣ ಉಳಿಸಿದರು. ಆಮೇಲೆ ಎಲ್ಲರೂ ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆದರಾದರೂ ಕಾಂಬೋಡಿಯದ ಪ್ರಜೆಗಳು ಅಲ್ಲಿಂದ ಹೊರಬೀಳಲೇಬೇಕಾಯಿತು. ವಿದೇಶಿಯರು ಗಡಿ ದಾಟಿ ಥಾಯ್ಲೆಂಡಿಗೆ ಹೋದರು. ಪ್ರಾನ್ ಬಲವಂತದ ದುಡಿಮೆಯ ಶಿಬಿರಗಳ ಪಾಲಾದರು. ವಿದ್ಯಾವಂತರೆಂದು ಗೊತ್ತಾದವರಿಗೆ ಸಾವು ಖಚಿತವಾಗಿದ್ದ ಆ ಆಡಳಿತದಲ್ಲಿ ಅವರು ಓದಿದವರೆಂಬುದನ್ನು ಮರೆಮಾಚಿ, ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಹಸಿವನ್ನೂ ಹೊಡೆತವನ್ನೂ ಸಹಿಸಿ, 1979ರ ಅಕ್ಟೋಬರ್‌ನಲ್ಲಿ ಥಾಯ್ಲೆಂಡಿನ ಗಡಿ ತಲುಪಿದರು.

ಈ ನಡುವೆ 1976ರಲ್ಲಿ ಶಾನ್‌ಬರ್ಗ್ ಅವರಿಗೆ ಅಂತರರಾಷ್ಟ್ರೀಯ ವರದಿಗಾರಿಕೆಗಾಗಿ ಪುಲಿಟ್ಜರ್ ಪ್ರಶಸ್ತಿ ಬಂದಾಗ ಅವರು ಅದನ್ನು ತಮ್ಮ ಮತ್ತು ಪ್ರಾನ್ ಇಬ್ಬರ ಪರವಾಗಿ ಸ್ವೀಕರಿಸಿದರು. ಪ್ರಾನ್ ಕುಟುಂಬಕ್ಕೆ ಅಮೆರಿಕದಲ್ಲಿ ನೆಲೆ ಕಲ್ಪಿಸಲು ನೆರವಾದರು. ಗೆಳೆಯನ ಹುಡುಕಾಟವನ್ನು ನಿಲ್ಲಿಸಲಿಲ್ಲ. ಪ್ರಾನ್ ಮುಂದೆ ಅದೇ ಪತ್ರಿಕೆಯ ಛಾಯಾಚಿತ್ರಕಾರರಾಗಿ ದುಡಿದು 2008ರಲ್ಲಿ ತೀರಿಕೊಂಡರು. ಇವರ ಕಥೆಯನ್ನು ಆಧರಿಸಿ 1984ರಲ್ಲಿ ತೆರೆಕಂಡ ದಿ ಕಿಲ್ಲಿಂಗ್ ಫೀಲ್ಡ್ಸ್ ಚಲನಚಿತ್ರವನ್ನು ಸಾಮಾನ್ಯವಾಗಿ ಸ್ನೇಹದ ಕಥೆಯಾಗಿ ನೆನೆಯಲಾಗುತ್ತದೆ, ಅದು ಸರಿಯೂ ಹೌದು. ಆದರೆ ಶಾನ್‌ಬರ್ಗ್ ತೋರಿದ ನಿಷ್ಠೆ ಒಬ್ಬ ವ್ಯಕ್ತಿಯ ಅಂತಃಕರಣದಿಂದ ಬಂದದ್ದೇ ಹೊರತು ನೇಮಕದ ಯಾವುದೇ ನಿಯಮದಿಂದಲ್ಲ. ಇನ್ನೊಬ್ಬ ವರದಿಗಾರ ಮನೆಗೆ ಮರಳಿ ಬೇರೆ ದೇಶದ ಸುದ್ದಿಯಲ್ಲಿ ತೊಡಗಿಕೊಂಡಿದ್ದರೆ ಅವನನ್ನು ಹಿಡಿದು ಕೇಳುವ ಒಪ್ಪಂದವಾಗಲಿ ಕಾನೂನಾಗಲಿ ಇರಲಿಲ್ಲ. ಒಳ್ಳೆಯ ಮನಸ್ಸಿನವರು ಸಿಕ್ಕರೆ ಮಾತ್ರ ಬದುಕು ಎಂಬ ಸ್ಥಿತಿಯಲ್ಲಿ ದುಡಿಯುವವನನ್ನು ಬಿಡುವುದು ನ್ಯಾಯವಲ್ಲ.

ಮೂರು ದಶಕಗಳ ಅನಂತರ ಅಫ್ಘಾನಿಸ್ತಾನದಲ್ಲಿ ನಡೆದ ಎರಡು ಘಟನೆಗಳು ಆ ಸ್ಥಿತಿ ಹೆಚ್ಚೇನೂ ಬದಲಾಗಿರಲಿಲ್ಲ ಎಂಬುದನ್ನು ತೋರಿಸಿದವು. 2007ರ ಮಾರ್ಚ್‌ನಲ್ಲಿ ಇಟಲಿಯ ಲಾ ರೆಪುಬ್ಲಿಕಾ ಪತ್ರಿಕೆಯ ದಾನಿಯೆಲೆ ಮಾಸ್ತ್ರೋಜಾಕೊಮೊ, ತಾಲಿಬಾನ್ ನಾಯಕನೊಬ್ಬನ ಸಂದರ್ಶನಕ್ಕೆಂದು ಹೆಲ್ಮಂದ್ ಪ್ರಾಂತಕ್ಕೆ ಹೋಗಿ ಅಫ್ಘನ್ ಪತ್ರಕರ್ತ ಹಾಗೂ ಫಿಕ್ಸರ್ ಅಜ್ಮಲ್ ನಕ್ಷ್‌ಬಂದಿ ಮತ್ತು ಚಾಲಕ ಸಯ್ಯದ್ ಆಗಾ ಜೊತೆಗೆ ಸೆರೆಯಾದರು. ಚಾಲಕನ ತಲೆ ಕಡಿಯಲಾಯಿತು. ಇಟಲಿ ಸರ್ಕಾರದ ಒತ್ತಡಕ್ಕೆ ಮಣಿದ ಕಾಬೂಲ್ ಸರ್ಕಾರ ಐವರು ತಾಲಿಬಾನ್ ಕೈದಿಗಳನ್ನು ಬಿಟ್ಟುಕೊಟ್ಟಾಗ ಮಾಸ್ತ್ರೋಜಾಕೊಮೊ ಬಿಡುಗಡೆಯಾದರು, ನಕ್ಷ್‌ಬಂದಿ ಆಗಲಿಲ್ಲ. ಇನ್ನಷ್ಟು ಕೈದಿಗಳ ಬಿಡುಗಡೆಗಾಗಿ ಅಪಹರಣಕಾರರು ಅವರನ್ನು ಇಟ್ಟುಕೊಂಡರು. ಸರ್ಕಾರ ಒಪ್ಪದಿದ್ದಾಗ ಏಪ್ರಿಲ್ 8ರಂದು ಅವರನ್ನೂ ಕೊಂದರು. ವಿದೇಶಿ ಪತ್ರಕರ್ತನಿಗಾಗಿ ಸಾಧ್ಯವಾದ ವಿನಿಮಯ ಸ್ವಂತ ಪ್ರಜೆಗಾಗಿ ಸಾಧ್ಯವಾಗಲಿಲ್ಲವೆಂಬ ಕಹಿ ಅಫ್ಘನ್ ಪತ್ರಕರ್ತರಲ್ಲಿ ಬಹುಕಾಲ ಉಳಿಯಿತು. ಒಂದೇ ವಾಹನದಲ್ಲಿ ಹೊರಟ ಮೂವರ ಜೀವಕ್ಕೆ ಮೂರು ಬಗೆಯ ಬೆಲೆ ಕಟ್ಟಲಾಗಿತ್ತು ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ಎರಡನೆಯದು 2009ರ ಸೆಪ್ಟೆಂಬರಿನದು. ಕುಂದುಜ್ ಪ್ರಾಂತದಲ್ಲಿ ಅಪಹೃತ ಇಂಧನ ಟ್ಯಾಂಕರುಗಳ ಮೇಲೆ ನೇಟೊ ಪಡೆಗಳು ಸೆಪ್ಟೆಂಬರ್ 4ರಂದು ನಡೆಸಿದ ವಾಯುದಾಳಿಯಲ್ಲಿ ಬಹಳ ಮಂದಿ ಸತ್ತಿದ್ದರು. ಅದರ ವರದಿಗೆ ಹೋದ ನ್ಯೂಯಾರ್ಕ್ ಟೈಮ್ಸ್‌ನ ಸ್ಟೀಫನ್ ಫ್ಯಾರೆಲ್ ಮತ್ತು ಅವರ ಅಫ್ಘನ್ ಸಹೋದ್ಯೋಗಿ ಸುಲ್ತಾನ್ ಮುನಾದಿ ತಾಲಿಬಾನಿಗಳ ಕೈಗೆ ಸಿಕ್ಕಿದರು. ಮುನಾದಿ ಆಗ ಜರ್ಮನಿಯಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದು ರಜೆಯಲ್ಲಿ ತಾಯ್ನಾಡಿಗೆ ಬಂದವರು. ಸೆಪ್ಟೆಂಬರ್ 9ರ ನಸುಕಿನಲ್ಲಿ ಬ್ರಿಟಿಷ್ ಕಮಾಂಡೋಗಳು ನಡೆಸಿದ ಕಾರ್ಯಾಚರಣೆಯಲ್ಲಿ ಫ್ಯಾರೆಲ್ ಪಾರಾದರು. ಒಬ್ಬ ಬ್ರಿಟಿಷ್ ಸೈನಿಕನೂ ಮುನಾದಿಯೂ ಗುಂಡಿಗೆ ಬಲಿಯಾದರು. ಕಮಾಂಡೋಗಳು ಫ್ಯಾರೆಲ್ ಅವರನ್ನೂ ತಮ್ಮ ಸೈನಿಕನ ದೇಹವನ್ನೂ ಹೊತ್ತೊಯ್ದರು, ಮುನಾದಿಯ ದೇಹ ಅಲ್ಲೇ ಉಳಿಯಿತು. ಅದನ್ನು ಮನೆಯವರೇ ತರಿಸಿಕೊಳ್ಳಬೇಕಾಯಿತು. ಕತ್ತಲಿನ ಗುಂಡಿನ ಚಕಮಕಿಯಲ್ಲಿ ಏನು ಸಾಧ್ಯವಿತ್ತು, ಏನು ಸಾಧ್ಯವಿರಲಿಲ್ಲ ಎಂದು ದೂರದಿಂದ ತೀರ್ಪು ಕೊಡಲು ಬಾರದು. ಆದರೂ ಕಾಬೂಲಿನ ಪತ್ರಕರ್ತರು ಅಂದು ತೋರಿದ ಆಕ್ರೋಶಕ್ಕೆ ಕಾರಣ ಆ ಒಂದು ರಾತ್ರಿಯಷ್ಟೇ ಆಗಿರಲಿಲ್ಲ. ಎರಡು ವರ್ಷಗಳ ಹಿಂದಿನ ನಕ್ಷ್‌ಬಂದಿಯ ಸಾವೂ ಅದರ ಹಿಂದಿತ್ತು.

ಅಪಾಯ ಬಂದೂಕಿನಿಂದ ಮಾತ್ರ ಬರುವುದಿಲ್ಲ, ಸರ್ಕಾರಗಳಿಂದಲೂ ಬರುತ್ತದೆ. ಅಲ್ಲಿಯೂ ಇದೇ ಭೇದ ಕಾಣುತ್ತದೆ. 2003ರ ಡಿಸೆಂಬರಿನಲ್ಲಿ ಫ್ರಾನ್ಸಿನ ವಾರಪತ್ರಿಕೆಯೊಂದರ ಇಬ್ಬರು ಪತ್ರಕರ್ತರು ಅನುಮತಿಯಿಲ್ಲದೆ ಕ್ವೆಟ್ಟಾ ಪ್ರದೇಶಕ್ಕೆ ಹೋದರೆಂದು ಪಾಕಿಸ್ತಾನದಲ್ಲಿ ಬಂಧಿತರಾದರು. ಅವರು ಮುಂದಿನ ತಿಂಗಳೇ ಸ್ವದೇಶಕ್ಕೆ ಮರಳಿದರೆ, ಅವರ ಪಾಕಿಸ್ತಾನಿ ಸಹಾಯಕ ಖಾವರ್ ಮೆಹದಿ ರಿಜ್ವಿ ಎಲ್ಲಿದ್ದಾರೆಂಬುದನ್ನೇ ಅಧಿಕಾರಿಗಳು ವಾರಗಟ್ಟಲೆ ಒಪ್ಪಿಕೊಳ್ಳಲಿಲ್ಲ, ಆಮೇಲೆ ಅವರ ಮೇಲೆ ರಾಜದ್ರೋಹದ ಆರೋಪ ಹೊರಿಸಲಾಯಿತು. 2015ರ ಆಗಸ್ಟಿನಲ್ಲಿ ಟರ್ಕಿಯ ದಿಯಾರ್‌ಬಕೀರ್‌ನಲ್ಲಿ ವೈಸ್ ನ್ಯೂಸ್ ಸಂಸ್ಥೆಯ ಇಬ್ಬರು ಬ್ರಿಟಿಷ್ ಪತ್ರಕರ್ತರ ಜೊತೆ ಬಂಧಿತರಾದ ಇರಾಕಿ ಕುರ್ದ್ ಪತ್ರಕರ್ತ ಮೊಹಮ್ಮದ್ ರಸೂಲ್ ಅವರ ಕಥೆಯೂ ಹಾಗೆಯೇ. ಆರೋಪ ಮೂವರ ಮೇಲೂ ಒಂದೇ ಆಗಿದ್ದರೂ ಬ್ರಿಟಿಷರು ಕೆಲವೇ ದಿನಗಳಲ್ಲಿ ಹೊರಬಂದರು. ರಸೂಲ್ ಜಾಮೀನಿನ ಮೇಲೆ ಬಿಡುಗಡೆಯಾದದ್ದು 131 ದಿನಗಳ ಸೆರೆಯ ಬಳಿಕ, 2016ರ ಜನವರಿಯಲ್ಲಿ.

ಚೀನಾದಲ್ಲಿ ಈ ಭೇದ ನಿಯಮದ ರೂಪದಲ್ಲೇ ಇದೆ. ಅಲ್ಲಿನ ಪ್ರಜೆಗಳು ವಿದೇಶಿ ಸುದ್ದಿಸಂಸ್ಥೆಗಳಿಗೆ ಮಾನ್ಯತೆ ಪಡೆದ ವರದಿಗಾರರಾಗುವಂತಿಲ್ಲ. ಅಧಿಕೃತ ಸೇವಾಸಂಸ್ಥೆಗಳ ಮೂಲಕ ಸುದ್ದಿ ಸಹಾಯಕರಾಗಿ ನೇಮಕಗೊಳ್ಳಬಹುದಷ್ಟೆ. ಹೀಗಾಗಿ ಪತ್ರಕರ್ತರಿಗಿರುವ ಮಾನ್ಯತಾಪತ್ರದ ರಕ್ಷಣೆ ಅವರಿಗಿಲ್ಲ. ನ್ಯೂಯಾರ್ಕ್ ಟೈಮ್ಸ್‌ನ ಬೀಜಿಂಗ್ ಕಚೇರಿಯಲ್ಲಿ ಸಂಶೋಧಕರಾಗಿದ್ದ ಝಾವೊ ಯಾನ್ 2004ರಲ್ಲಿ ರಾಜ್ಯದ ರಹಸ್ಯ ಬಯಲುಮಾಡಿದರೆಂಬ ಆಪಾದನೆಯ ಮೇಲೆ ಬಂಧಿತರಾದರು. ಆ ಆಪಾದನೆ ನಿಲ್ಲದಿದ್ದರೂ ವಂಚನೆಯ ಬೇರೊಂದು ಆರೋಪದಲ್ಲಿ ಶಿಕ್ಷೆಗೊಳಗಾಗಿ ಮೂರು ವರ್ಷ ಸೆರೆಯಲ್ಲಿ ಕಳೆದು 2007ರಲ್ಲಿ ಹೊರಬಂದರು. ಬ್ಲೂಮ್‌ಬರ್ಗ್ ಸಂಸ್ಥೆಯ ಬೀಜಿಂಗ್ ಕಚೇರಿಯ ಹೇಝ್ ಫ್ಯಾನ್ 2020ರ ಡಿಸೆಂಬರಿನಲ್ಲಿ ಬಂಧಿತರಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಬಂಧನದಲ್ಲಿದ್ದರು. ವಿದೇಶಿ ವರದಿಗಾರನ ಮೇಲೆ ಸಿಟ್ಟಾದ ಸರ್ಕಾರ ಸಾಮಾನ್ಯವಾಗಿ ಅವನ ವೀಸಾ ರದ್ದುಮಾಡಿ ಹೊರಗಟ್ಟುತ್ತದೆ. ತನ್ನದೇ ಪ್ರಜೆಯ ವಿಷಯದಲ್ಲಿ ಅದರ ಕೈ ಬಹಳ ಉದ್ದ.

ಈ ಹಿನ್ನೆಲೆಯಲ್ಲಿ ಸಹಾಯಕನ ಆಯ್ಕೆಯ ಪ್ರಶ್ನೆಯನ್ನು ನೋಡಬೇಕು. ಬಹುತೇಕ ವರದಿಗಾರರು ಮೊದಲು ಹೋಗಿಬಂದ ಸಹೋದ್ಯೋಗಿಗಳ ಶಿಫಾರಸಿನ ಮೇಲೆಯೇ ಹೆಸರುಗಳನ್ನು ಪಡೆಯುತ್ತಾರೆ, ಕೆಲವರು ಅಲ್ಲಿನ ಪತ್ರಿಕಾ ಕಚೇರಿಗಳ ಮೂಲಕ, ಇತ್ತೀಚೆಗೆ ಅಂತರಜಾಲದ ನೋಂದಣಿ ಪಟ್ಟಿಗಳ ಮೂಲಕವೂ ಹುಡುಕುತ್ತಾರೆ. ಇಂಗ್ಲಿಷ್ ಸರಾಗವಾಗಿ ಬರುತ್ತದೆ ಎಂಬುದೊಂದನ್ನೇ ನೋಡಿ ಆರಿಸಿದರೆ ರಾಜಧಾನಿಯ ಅನುಕೂಲಸ್ಥ ಮನೆತನದ ಯುವಕನೊಬ್ಬ ಸಿಗಬಹುದು, ಆದರೆ ಗಡಿಜಿಲ್ಲೆಯ ಬುಡಕಟ್ಟಿನವರ ನುಡಿಯಾಗಲಿ ಅವರ ನಂಬಿಕೆಯಾಗಲಿ ಅವನಿಗೆ ದಕ್ಕದಿರಬಹುದು. ಸಹಾಯಕನ ಜನಾಂಗ, ಪಂಥ, ಊರು, ಲಿಂಗ ಇವೆಲ್ಲ ಯಾವ ಮನೆಯ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದನ್ನು ನಿರ್ಧರಿಸುತ್ತವೆ. ಅಫ್ಘಾನಿಸ್ತಾನದ ಹಳ್ಳಿಮನೆಗಳ ಒಳಕೋಣೆಗೆ ಹೋಗಿ ಹೆಂಗಸರ ಮಾತು ಕೇಳಬೇಕಾದರೆ ದುಭಾಷಿಯೂ ಹೆಂಗಸೇ ಆಗಿರಬೇಕಾಗುತ್ತದೆ. ಇದನ್ನು ಕನ್ನಡದ ಓದುಗರು ಸುಲಭವಾಗಿ ಮನಗಾಣಬಹುದು: ಕೊಡಗಿನ ಕಾಫಿ ತೋಟದ ಕಾರ್ಮಿಕರ ಬಗ್ಗೆ ಬರೆಯಲು ಬರುವ ವಿದೇಶಿ ಪತ್ರಕರ್ತನಿಗೆ ದೆಹಲಿಯಿಂದ ಕರೆತಂದ ಹಿಂದಿ ದುಭಾಷಿ ಮಾಲೀಕರ ಮಾತನ್ನಷ್ಟೇ ತಲುಪಿಸಿಯಾನು, ಲೈನ್‌ಮನೆಗಳಲ್ಲಿನ ಮಾತಿಗೆ ಬೇರೆಯೇ ಕಿವಿ ಬೇಕು.

ಅದೇ ಕಾರಣಕ್ಕೆ ಸಹಾಯಕನ ಪರಿಚಯದ ಬಳಗವೇ ವರದಿಯ ಲೋಕವಾಗಿಬಿಡುವ ಅಪಾಯವೂ ಇದೆ. ಒಂದೇ ನಗರದಲ್ಲಿ ಹತ್ತಾರು ವಿದೇಶಿ ವರದಿಗಾರರು ಮೂರು ನಾಲ್ಕು ಪ್ರಸಿದ್ಧ ಫಿಕ್ಸರುಗಳನ್ನೇ ಸರದಿಯಂತೆ ನೇಮಿಸಿಕೊಂಡರೆ, ಅದೇ ಶಿಬಿರದ ಅದೇ ನಿರಾಶ್ರಿತರು ಅದೇ ಮಾತನ್ನು ಹಲವು ಭಾಷೆಗಳ ಪತ್ರಿಕೆಗಳಲ್ಲಿ ಹೇಳತೊಡಗುತ್ತಾರೆ. ಇದಕ್ಕೆ ಸಹಾಯಕನನ್ನು ದೂರುವುದು ಸರಿಯಲ್ಲ. ಇಂಥ ಎರಡು ದಿನದಲ್ಲಿ ಇಂಥ ಪಾತ್ರಗಳನ್ನು ತೋರಿಸು ಎಂದು ಕೇಳಿದವನು ವರದಿಗಾರ, ಅವನಿಗೆ ಹಾಗೆ ಹೇಳಿ ಕಳುಹಿಸಿದವನು ಸಂಪಾದಕ. ಮತ್ತೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಸದ್ದಾಂ ಹುಸೇನ್ ಕಾಲದ ಇರಾಕಿನಲ್ಲಿ ಮಾಹಿತಿ ಸಚಿವಾಲಯವೇ ಪ್ರತಿ ವಿದೇಶಿ ಪತ್ರಕರ್ತನ ಜೊತೆಗೊಬ್ಬ ಸರ್ಕಾರಿ ಸಂಗಾತಿಯನ್ನು ಕಡ್ಡಾಯವಾಗಿ ಕಳುಹಿಸುತ್ತಿತ್ತು; ಅವನು ಭಾಷಾಂತರ ಮಾಡಿದರೂ ಅವನ ಮುಖ್ಯ ಕೆಲಸ ಕಾವಲು. ಅಂಥವನ ಮುಂದೆ ನಾಗರಿಕರು ಆಡಿದ ಮಾತಿಗೆ ಎಷ್ಟು ತೂಕವಿದೆ ಎಂಬುದನ್ನು ವರದಿಯಲ್ಲೇ ಓದುಗರಿಗೆ ತಿಳಿಸುವುದು ಪತ್ರಕರ್ತನ ಕರ್ತವ್ಯ. ಇಂದಿಗೂ ಸರ್ಕಾರಿ ಸಂಗಾತಿಯಿಲ್ಲದೆ ಓಡಾಡಲಾಗದ ದೇಶಗಳಿವೆ.

ನೇಮಕದ ಕರಾರು ಎಷ್ಟೇ ಚಿಕ್ಕದಾಗಿರಲಿ ಬರಹದಲ್ಲಿರಬೇಕು. ದಿನದ ಸಂಭಾವನೆ, ವಾಹನ ಮತ್ತು ಇಂಧನದ ವೆಚ್ಚ, ಕೆಲಸ ರದ್ದಾದರೆ ಕೊಡುವ ಹಣ, ಗಾಯಗೊಂಡರೆ ಚಿಕಿತ್ಸೆಯ ಹೊಣೆ, ಸತ್ತರೆ ಅಥವಾ ಸೆರೆಯಾದರೆ ಕುಟುಂಬಕ್ಕೆ ಸಿಗುವ ನೆರವು ಇವನ್ನೆಲ್ಲ ಹೊರಡುವ ಮೊದಲೇ ಮಾತನಾಡಿಕೊಳ್ಳುವುದು ಮುಜುಗರದ ವಿಷಯವಲ್ಲ. ಮಾತನಾಡದೆ ಹೊರಡುವುದೇ ಬೇಜವಾಬ್ದಾರಿ. ವರದಿಗಾರ ಗುಂಡುನಿರೋಧಕ ಕವಚ ತೊಟ್ಟು ಮುಂದಿನ ಆಸನದಲ್ಲಿ ಕುಳಿತು, ಪಕ್ಕದಲ್ಲಿ ಚಾಲಕ ಬರಿಯ ಅಂಗಿಯಲ್ಲಿ ಕುಳಿತ ದೃಶ್ಯ ಯುದ್ಧವರದಿಯ ಚರಿತ್ರೆಯಲ್ಲಿ ಅಪರೂಪವಲ್ಲ. ಅಮೆರಿಕದ ಜೇಮ್ಸ್ ಫೋಲಿ ಮತ್ತು ಸ್ಟೀವನ್ ಸೋಟ್ಲೋಫ್ 2014ರಲ್ಲಿ ಸಿರಿಯಾದಲ್ಲಿ ಹತ್ಯೆಯಾದ ಮೇಲೆ, 2015ರ ಫೆಬ್ರುವರಿಯಲ್ಲಿ ಸುದ್ದಿಸಂಸ್ಥೆಗಳೂ ಪತ್ರಕರ್ತ ಸಂಘಟನೆಗಳೂ ಸೇರಿ ಸ್ವತಂತ್ರ ಪತ್ರಕರ್ತರ ಸುರಕ್ಷತೆಗೆ ಕೆಲವು ತತ್ತ್ವಗಳನ್ನು ಪ್ರಕಟಿಸಿದವು. ಅವು ಒಳ್ಳೆಯ ಹೆಜ್ಜೆಯೇ ಆದರೂ ಸ್ವಯಂಪ್ರೇರಿತವಾಗಿ ಒಪ್ಪಿಕೊಳ್ಳುವಂಥವು, ಮುರಿದವರನ್ನು ದಂಡಿಸುವ ಶಕ್ತಿ ಅವಕ್ಕಿಲ್ಲ.

ಕರಾರಿಗಿಂತಲೂ ಮುಖ್ಯವಾದದ್ದು ಬೇಡವೆನ್ನುವ ಹಕ್ಕು. ಈ ದಾರಿಯಲ್ಲಿ ಮುಂದೆ ಹೋಗುವುದು ಬೇಡ ಎಂದು ಸಹಾಯಕ ಹೇಳಿದಾಗ ಅದು ಅಂದಿನ ಸಂಭಾವನೆಗೆ ಕುತ್ತಾಗದೆ ಒಪ್ಪಿತವಾಗಬೇಕು. ಯುದ್ಧದಿಂದ ಬೇರೆಲ್ಲ ಉದ್ಯೋಗಗಳು ನಿಂತುಹೋದ ಊರಿನಲ್ಲಿ ವಿದೇಶಿ ಪತ್ರಕರ್ತ ಕೊಡುವ ದಿನಗೂಲಿಯೇ ಒಂದು ಕುಟುಂಬದ ತಿಂಗಳ ಖರ್ಚಿಗೆ ಸಮನಾಗಿರಬಹುದು. ಅಂಥವನ ಒಪ್ಪಿಗೆ ಪೂರ್ಣ ಸ್ವತಂತ್ರ ಒಪ್ಪಿಗೆಯೆಂದು ತಿಳಿಯುವುದು ತಪ್ಪಾಗುತ್ತದೆ. ಆದ್ದರಿಂದ ಅಪಾಯದ ಲೆಕ್ಕವನ್ನು ಅವನೊಬ್ಬನ ಮೇಲೆ ಹೊರಿಸದೆ, ಅವನು ಹೂಂ ಎಂದರೂ ವರದಿಗಾರನೇ ಹಿಂದೆ ಸರಿಯಬೇಕಾದ ಸಂದರ್ಭಗಳಿರುತ್ತವೆ. ಹೆಸರಿನ ವಿಷಯವೂ ಇಷ್ಟೇ ಸೂಕ್ಷ್ಮ. ವರದಿಯಲ್ಲಿ ಸಹಾಯಕನ ಹೆಸರು ಅಚ್ಚಾಗಬೇಕು ಎಂಬುದು ನ್ಯಾಯವಾದ ಬೇಡಿಕೆ, ಏಕೆಂದರೆ ಅದೇ ಅವನ ಮುಂದಿನ ಕೆಲಸಕ್ಕೂ ವೃತ್ತಿಗೌರವಕ್ಕೂ ಆಧಾರ. ಆದರೆ ಕೆಲವು ದೇಶಗಳಲ್ಲಿ ಆ ಒಂದು ಸಾಲೇ ಅವನ ಬಂಧನಕ್ಕೆ ಸಾಕ್ಷ್ಯವಾಗಬಹುದು. ಹಾಗಾಗಿ ಇದು ಸಂಪಾದಕರು ಒಂದೇ ನಿಯಮದಿಂದ ತೀರ್ಮಾನಿಸಬೇಕಾದ ವಿಷಯವಲ್ಲ; ಪ್ರತಿ ವರದಿಗೂ, ಅಪಾಯ ಬದಲಾದಾಗಲೆಲ್ಲ, ಅವನನ್ನೇ ಕೇಳಿ ನಿರ್ಧರಿಸಬೇಕು. ಫೋನಿನಲ್ಲಿ ಉಳಿಯುವ ಸಂದೇಶಗಳು, ಸಂಪರ್ಕ ಸಂಖ್ಯೆಗಳು, ಚಿತ್ರಗಳ ಜೊತೆ ದಾಖಲಾಗುವ ಸ್ಥಳದ ಗುರುತುಗಳು ಗಡಿಯ ತಪಾಸಣೆಯಲ್ಲಿ ವರದಿಗಾರನಿಗೆ ಕಿರಿಕಿರಿಯಾದರೆ, ಊರಲ್ಲಿರುವ ಸಹಾಯಕನಿಗೆ ಮರಣಶಾಸನವಾಗಬಲ್ಲವು.

ಅಂತರರಾಷ್ಟ್ರೀಯ ಕಾನೂನು ಈ ಜನರನ್ನು ಪೂರ್ತಿ ಮರೆತಿಲ್ಲ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪೂರಕ ಒಡಂಬಡಿಕೆಯ 79ನೆಯ ವಿಧಿ, ಯುದ್ಧಪ್ರದೇಶದಲ್ಲಿ ಅಪಾಯಕಾರಿ ವೃತ್ತಿಕಾರ್ಯದಲ್ಲಿ ತೊಡಗಿದ ಪತ್ರಕರ್ತರನ್ನು ನಾಗರಿಕರೆಂದು ಪರಿಗಣಿಸಬೇಕೆನ್ನುತ್ತದೆ. ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2006ರ ಡಿಸೆಂಬರಿನಲ್ಲಿ ಅಂಗೀಕರಿಸಿದ 1738ನೆಯ ನಿರ್ಣಯ ಪತ್ರಕರ್ತರ ಜೊತೆಗೆ ಅವರೊಡನೆ ದುಡಿಯುವ ಸಹವರ್ತಿ ಸಿಬ್ಬಂದಿಯನ್ನೂ ಹೆಸರಿಸುತ್ತದೆ. ನ್ಯೂಯಾರ್ಕಿನಲ್ಲಿ ನೆಲೆಯಿರುವ ಪತ್ರಕರ್ತರ ರಕ್ಷಣಾ ಸಮಿತಿಯು ದುಭಾಷಿಗಳು, ಚಾಲಕರು, ಕಾವಲುಗಾರರು, ಫಿಕ್ಸರುಗಳ ಸಾವುಗಳನ್ನೂ ತನ್ನ ದಾಖಲೆಗಳಲ್ಲಿ ಸೇರಿಸುತ್ತದೆ. ಉಕ್ರೇನಿನ ಯುದ್ಧ ಆ ದಾಖಲೆಗೆ ಇನ್ನಷ್ಟು ಹೆಸರುಗಳನ್ನು ಸೇರಿಸಿತು. 2022ರ ಮಾರ್ಚ್ 14ರಂದು ಕೀವ್ ಹೊರವಲಯದ ಹೊರೆಂಕಾ ಬಳಿ ಫಾಕ್ಸ್ ನ್ಯೂಸ್‌ನ ಛಾಯಾಗ್ರಾಹಕ ಪಿಯರ್ ಜಕ್ಷೆವ್‌ಸ್ಕಿ ಜೊತೆ ಸತ್ತ ಸ್ಥಳೀಯ ಸಹಾಯಕಿ ಒಲೆಕ್ಸಾಂದ್ರ ಕುವ್‌ಶಿನೊವಾಗೆ ಆಗ 24 ವರ್ಷ. ಮುಂದಿನ ವರ್ಷದ ಏಪ್ರಿಲ್‌ನಲ್ಲಿ ಖೆರ್ಸಾನ್ ಹತ್ತಿರ ಲಾ ರೆಪುಬ್ಲಿಕಾದ ವರದಿಗಾರ ಗಾಯಗೊಂಡು ಪಾರಾದ ಗುಂಡಿನ ದಾಳಿಯಲ್ಲಿ ಸತ್ತವರು ಅವರ ಸಹಾಯಕ ಬೊಹ್ದಾನ್ ಬಿತಿಕ್. ಕನ್ನಡ ಪತ್ರಿಕೆಗಳ ವಿದೇಶ ಪುಟ ಬಹುಮಟ್ಟಿಗೆ ಸುದ್ದಿಸಂಸ್ಥೆಗಳ ವರದಿಗಳನ್ನೇ ನೆಚ್ಚಿರುವುದರಿಂದ, ಮಂಗಳೂರಿನಲ್ಲೋ ಕಲಬುರಗಿಯಲ್ಲೋ ಆ ಯುದ್ಧದ ಸುದ್ದಿ ಓದಿದವರೂ ಇಂಥವರ ಶ್ರಮಕ್ಕೆ ಋಣಿಗಳು.

ನೇಮಿಸಿಕೊಂಡವರ ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆ ಅತ್ಯಂತ ದೊಡ್ಡ ಪ್ರಮಾಣದಲ್ಲಿ ಎದುರಾದದ್ದು 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನಿನ ವಶವಾದಾಗ. ಇಪ್ಪತ್ತು ವರ್ಷಗಳ ಕಾಲ ವಿದೇಶಿ ಪತ್ರಿಕೆಗಳಿಗೆ ದುಡಿದವರು ತಮ್ಮ ಕುಟುಂಬಗಳೊಂದಿಗೆ ವಿಮಾನನಿಲ್ದಾಣದ ಗೇಟುಗಳ ಮುಂದೆ ನಿಂತಿದ್ದರು. ದೊಡ್ಡ ಸಂಸ್ಥೆಗಳು ತಮ್ಮವರನ್ನು ಪಾರುಮಾಡಲು ನಿಜವಾಗಿ ಶ್ರಮಿಸಿದವು. ನ್ಯೂಯಾರ್ಕ್ ಟೈಮ್ಸ್‌ನ ಅಫ್ಘನ್ ಸಿಬ್ಬಂದಿ ಮತ್ತು ಅವರ ಕುಟುಂಬಗಳಿಗೆ ಮೊದಲು ಆಶ್ರಯ ಕೊಟ್ಟ ದೇಶ ಮೆಕ್ಸಿಕೊ. ಅದೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ತನ್ನ ದೇಶದ ಮಾಧ್ಯಮಸಂಸ್ಥೆಗಳಿಗೆ ದುಡಿದ ಅಫ್ಘನ್ನರಿಗಾಗಿ ನಿರಾಶ್ರಿತರ ವಿಶೇಷ ವರ್ಗವೊಂದನ್ನು ಪ್ರಕಟಿಸಿತ್ತು. ಆದರೆ ಅದಕ್ಕೆ ಸಂಸ್ಥೆಯ ಅತ್ಯಂತ ಹಿರಿಯ ಅಮೆರಿಕನ್ ಅಧಿಕಾರಿಯ ಶಿಫಾರಸು ಬೇಕಿತ್ತು, ಅರ್ಜಿದಾರ ಸ್ವಂತ ವೆಚ್ಚದಲ್ಲಿ ಮೂರನೆಯ ದೇಶವೊಂದನ್ನು ತಲುಪಿದ ಮೇಲೆಯೇ ಪರಿಶೀಲನೆ ಆರಂಭವಾಗುತ್ತಿತ್ತು, ಆ ಪರಿಶೀಲನೆಗೆ 12ರಿಂದ 14 ತಿಂಗಳು ಹಿಡಿಯುತ್ತದೆಂದು ಸರ್ಕಾರವೇ ಹೇಳಿತ್ತು. ಕಾಯಂ ಕಚೇರಿಯ ಸಿಬ್ಬಂದಿಗೆ ಶಿಫಾರಸು ಸಿಗುವುದು ಕಷ್ಟವಿರಲಿಲ್ಲ. ಹತ್ತು ವರ್ಷಗಳಲ್ಲಿ ಇಪ್ಪತ್ತು ಸ್ವತಂತ್ರ ಪತ್ರಕರ್ತರ ಜೊತೆ ಮೂರು ದಿನ, ಐದು ದಿನ ಎಂದು ದುಡಿದು ಕೈಗೆ ನಗದು ಪಡೆದವನಿಗೆ ತಾನು ಯಾರ ನೌಕರನಾಗಿದ್ದೆ ಎಂದು ತೋರಿಸುವುದೇ ಕಷ್ಟವಾಗಿತ್ತು. ಇದ್ದ ಕಾಗದಗಳನ್ನೂ ಎಷ್ಟೋ ಅಫ್ಘನ್ನರು ಆ ಆಗಸ್ಟಿನಲ್ಲಿ ತಾವೇ ಸುಟ್ಟುಹಾಕಿದರು, ಏಕೆಂದರೆ ವಿದೇಶಿಯರೊಡನೆ ದುಡಿದ ಪುರಾವೆ ಮನೆಯ ಶೋಧನೆಯಲ್ಲಿ ಸಿಕ್ಕರೆ ಜೀವಕ್ಕೇ ಅಪಾಯವಿತ್ತು. ಪ್ರತಿ ಕೆಲಸದ ಕೊನೆಗೂ ಅದರ ಅವಧಿ ಮತ್ತು ಸ್ವರೂಪವನ್ನು ನಮೂದಿಸಿ ಸಹಿಮಾಡಿದ ಪತ್ರವೊಂದನ್ನು ವರದಿಗಾರ ಬರೆದು, ಅದರ ಪ್ರತಿಯನ್ನು ಸಹಾಯಕನ ಮನೆಯಲ್ಲಿರಿಸದೆ, ವರದಿಯನ್ನು ಪ್ರಕಟಿಸಿದ ಸಂಸ್ಥೆಯೇ ತನ್ನ ಕಚೇರಿಯಲ್ಲಿ ವರ್ಷಗಟ್ಟಲೆ ಕಾಯ್ದಿಡುವ ಕ್ರಮಕ್ಕೆ ದೊಡ್ಡ ವೆಚ್ಚವಿಲ್ಲ. ಆ ಕ್ರಮವಿದ್ದಿದ್ದರೆ ಇಸ್ಲಾಮಾಬಾದಿನ ಬಾಡಿಗೆ ಕೋಣೆಯಲ್ಲಿ ಅರ್ಜಿ ತುಂಬುತ್ತ ಕುಳಿತವನಿಗೆ ತನ್ನ ಹತ್ತು ವರ್ಷಗಳ ದುಡಿಮೆಯನ್ನು ರುಜುವಾತುಪಡಿಸಲು ಒಂದು ದೂರವಾಣಿ ಕರೆ ಸಾಕಾಗುತ್ತಿತ್ತು.